ಪಿಯರೋ: ಮುಖವಾಡ ಹಾಕದ ಬಿಳಿ ಮುಖದ ಕೋಡಂಗಿ

ಪಿಯರೋ ಎಂಬ ರಂಗಪಾತ್ರವನ್ನು ಅರ್ಥಮಾಡಿಕೊಳ್ಳಲು ಮೊದಲು ಅವನ ಮುಖ ನೋಡಿ. ಇಟಲಿಯ ಕೊಮೆದಿಯಾ ದೆಲ್ ಆರ್ತೆ ಎಂಬ, ಸಿದ್ಧಪಾತ್ರಗಳ ಆಶುನಾಟಕಗಳಲ್ಲಿ ಆಳಿನ ಪಾತ್ರವಾದ ಅರ್ಲೆಕಿನೊ ಕಪ್ಪು ಮುಖವಾಡ ಹಾಕುತ್ತಾನೆ. ಪಿಯರೋ ಕೂಡ ಆಳೇ, ಆದರೆ ಅವನಿಗೆ ಮುಖವಾಡವಿಲ್ಲ, ಮುಖಕ್ಕೆ ಬಿಳಿ ಬಣ್ಣ ಮಾತ್ರ. ಅವನ ವೇಷದ ಮುಖ್ಯ ಬದಲಾವಣೆಗಳು ಈ ಬರಿಮುಖದ ಸುತ್ತ ನಡೆದಿವೆ.

ಹಲವರು ಎಡವುವ ಜಾಗ ಒಂದಿದೆ: ಪಿಯರೋ ಮೊದಲಿನಿಂದಲೂ ಮೂಕನಲ್ಲ. 1670ರ ದಶಕದಲ್ಲಿ ಪ್ಯಾರಿಸ್‌ನ ಇಟಾಲಿಯನ್ ತಂಡದಲ್ಲಿ ಜುಸೆಪ್ಪೆ ಜರಾತೋನೆ ಆಡಿದ ಪಿಯರೋ ಮಾತಾಡುತ್ತಿದ್ದ. ಅವನ ಬಾಯಿ ಕಟ್ಟಿದ್ದು ಕಾನೂನು. 18ನೇ ಶತಮಾನದ ಆರಂಭದಲ್ಲಿ ಸಂಭಾಷಣೆಯ ನಾಟಕ ರಾಜಮನ್ನಣೆ ಪಡೆದ ತಂಡಕ್ಕಷ್ಟೇ ಸೇರಿದ ಹಕ್ಕಾಗಿತ್ತು. ಹೀಗೆ ಮಾತು ನಿಷಿದ್ಧವಾದ ಜಾತ್ರೆಯ ರಂಗದವರು ಪದ್ಯ ಬರೆದ ಫಲಕಗಳನ್ನು ಮೇಲಿನಿಂದ ಇಳಿಬಿಟ್ಟು, ಅವನ್ನು ಪ್ರೇಕ್ಷಕರ ಕೈಲೇ ಹಾಡಿಸಿದರು. ಎಂಥ ಉಪಾಯ! 19ನೇ ಶತಮಾನದಲ್ಲಿ ಪ್ಯಾರಿಸ್‌ನ ಫ್ಯುನಾಂಬ್ಯುಲ್ ರಂಗಮಂದಿರಕ್ಕೂ ಮೂಕಾಭಿನಯದ ಪರವಾನಗಿಯಷ್ಟೇ ಸಿಕ್ಕಿತ್ತು.

ಅಲ್ಲಿ ಪಿಯರೋ ಆಗಿ ಬೆಳಗಿದವನು ಬೊಹೆಮಿಯಾದಲ್ಲಿ ಹುಟ್ಟಿದ ಝಾಂ-ಗಾಸ್ಪಾರ್ ದೆಬ್ಯುರೋ (1796–1846). ನೆರಿಗೆ ಕಾಲರ್ ತೆಗೆದ, ಕತ್ತು ಕಾಣಿಸಿತು. ಅಗಲ ಟೋಪಿಯ ಬದಲು ತಲೆಗಂಟಿದ ಕಪ್ಪು ಟೊಪ್ಪಿ ಹಾಕಿದ, ಹಣೆಯ ಮೇಲೆ ನೆರಳು ಬೀಳಲಿಲ್ಲ. ಕಪ್ಪಿನ ಅಂಚಿನಿಂದಾಗಿ ಬಿಳಿ ಮುಖ ಹಿಂದಿನ ಸಾಲಿಗೂ ಎದ್ದು ಕಂಡಿತು. ಅಂಗಿ, ಷರಾಯಿ ದೊಗಲೆಯಾದವು. ವೇಷ ಕಟ್ಟುವಾಗ ಟೊಪ್ಪಿ ಬಿಟ್ಟರೆ ಮುಖದ ಗಡಿಯೇ ಕಳೆದುಹೋಗುತ್ತದೆ.

ಬಣ್ಣದ ವಿಚಾರ. ಹಿಂದೆ ಹಿಟ್ಟು ಬಳಿಯುತ್ತಿದ್ದರು. ಬೆವರಿಗೆ ಅದು ಅಂಟಾಗಿ ಹೆಪ್ಪುಗಟ್ಟುತ್ತದೆ. ಈಗ ಬಿಳಿ ಗ್ರೀಸ್ ಪೇಂಟನ್ನು (ಜಿಡ್ಡಿನ ರಂಗಬಣ್ಣ) ತೆಳುವಾಗಿ ಹಚ್ಚಿ, ಬೆರಳ ತುದಿಯಿಂದ ತಟ್ಟಿ, ಮೇಲೆ ಪೌಡರ್ ಒತ್ತಿ, ಉಳಿದದ್ದನ್ನು ಬ್ರಷ್‌ನಿಂದ ಕೊಡವಬೇಕು. ದಪ್ಪ ಹಚ್ಚಿದರೆ ನಗುವಾಗ ಬಾಯಿಯ ಬದಿ ಬಿರಿಯುತ್ತದೆ. ಪೌಡರ್ ಇಲ್ಲದಿದ್ದರೆ ಹುಬ್ಬಿನ ಕಪ್ಪು ಕದಡುತ್ತದೆ. ಕಿವಿಯನ್ನೂ ಕತ್ತನ್ನೂ ಮರೆಯಬೇಡಿ. ಹುಬ್ಬು, ತುಟಿ ಬರೆಯುವುದು ಕೊನೆಗೆ.

ಅಭಿನಯದಲ್ಲಿ ದೊಡ್ಡ ತಪ್ಪೆಂದರೆ ಅವಸರ. ಪಿಯರೋ ಪ್ರೀತಿಸುವ ಕೊಲಂಬೀನ್ ಅರ್ಲೆಕಿನೊನ ಜತೆ ಹೊರಟಳು ಎನ್ನಿ. ಪಿಯರೋ ಕೂಡಲೇ ಅಳಬಾರದು. ಮೊದಲು ಇಡೀ ಮೈ ನಿಲ್ಲಲಿ, ಆಮೇಲೆ ಕಣ್ಣು ಅವಳ ಕಡೆಗೆ, ಆಮೇಲೆ ಮುಖ ಪ್ರೇಕ್ಷಕರ ಕಡೆಗೆ, ಎಲ್ಲಕ್ಕಿಂತ ಕೊನೆಗೆ ಭುಜ ಕುಸಿಯಲಿ. ನಾಲ್ಕೂ ಒಟ್ಟಿಗೆ ನಡೆದರೆ ಬಿಳಿ ಮುಖದಲ್ಲಿ ಏನೂ ಓದಲಾಗದು. ಅಂಗಿಯ ತೋಳು ಉದ್ದವಿದ್ದರೆ ಬೆರಳು ಮುಚ್ಚಿಹೋಗುತ್ತದೆ. ಆಗ ಕೈಸನ್ನೆಯನ್ನು ಮೊಣಕೈಯಿಂದ ಶುರು ಮಾಡಿ.