ಬಿಸಿಲು, ಗಾಳಿ ಇಲ್ಲದ ಹೊತ್ತಿಗೆ ದೊಡ್ಡ ಬ್ಯಾಟರಿ ಸಾಕಾ?

ಪ್ರಶ್ನೆ: ಸೂರ್ಯ ಮುಳುಗಿದ ಮೇಲೆ ಸೋಲಾರ್ ಇಲ್ಲ, ಗಾಳಿಯನ್ನು ನಂಬುವಂತಿಲ್ಲ. ದೊಡ್ಡ ದೊಡ್ಡ ಬ್ಯಾಟರಿ ಇಟ್ಟುಬಿಟ್ಟರೆ ಸಾಕಲ್ವಾ?

ಉತ್ತರ: ಕೊರತೆ ಎಷ್ಟು ಹೊತ್ತಿನದು ಎಂಬುದನ್ನು ಮೊದಲು ನೋಡಬೇಕು. ಕೆಲವು ಸೆಕೆಂಡಿನದೋ, ಒಂದು ಸಂಜೆಯದೋ, ಇಡೀ ವಾರದ್ದೋ? ಮೂರಕ್ಕೂ ಮದ್ದು ಬೇರೆ ಬೇರೆ.

ಗ್ರಿಡ್‌ನ ತಂತಿಗಳಲ್ಲಿ ಕರೆಂಟನ್ನು ಕೂಡಿಡಲು ಆಗುವುದಿಲ್ಲ. ಈ ಕ್ಷಣ ಎಷ್ಟು ಖರ್ಚಾಗುತ್ತದೋ ಅಷ್ಟು ಈ ಕ್ಷಣವೇ ಬರಬೇಕು. ಕಡಿಮೆ ಬಿದ್ದರೆ 50 ಅಥವಾ 60 ಹರ್ಟ್ಸ್‌ನಲ್ಲಿ ನಿಲ್ಲಬೇಕಾದ ಫ್ರೀಕ್ವೆನ್ಸಿ, ಅಂದರೆ ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ, ಕುಸಿಯುತ್ತದೆ. ಅದನ್ನು ಹಿಡಿದು ನಿಲ್ಲಿಸುವುದರಲ್ಲಿ ಬ್ಯಾಟರಿ ಬಹಳ ಚುರುಕು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಶುರು ಮಾಡುತ್ತದೆ.

ದಕ್ಷಿಣ ಆಸ್ಟ್ರೇಲಿಯಾದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಬಿರುಗಾಳಿಗೆ ವಿದ್ಯುತ್ ಲೈನಿನ ಟವರ್‌ಗಳು ಉರುಳಿ ಹೆಚ್ಚುಕಡಿಮೆ ಇಡೀ ರಾಜ್ಯ ಕತ್ತಲಲ್ಲಿ ಮುಳುಗಿತು. ಮರುವರ್ಷ ಅಲ್ಲಿ ಹಾರ್ನ್ಸ್‌ಡೇಲ್ ಬ್ಯಾಟರಿ ಬಂತು. ಶುರುವಿನಲ್ಲಿ ಅದು 100 ಮೆಗಾವ್ಯಾಟ್, 129 ಮೆಗಾವ್ಯಾಟ್-ಅವರ್. ಮೊದಲ ಅಂಕಿ ನಲ್ಲಿಯ ದಪ್ಪ, ಎರಡನೆಯದು ತೊಟ್ಟಿಯ ಅಳತೆ. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಒಂದೂಕಾಲು ಗಂಟೆಗೆ ತೊಟ್ಟಿ ಖಾಲಿ. ಸುದ್ದಿಗಳಲ್ಲಿ ಮೆಗಾವ್ಯಾಟ್ ಒಂದನ್ನೇ ದೊಡ್ಡದಾಗಿ ಹೇಳುತ್ತಾರೆ. ಎಷ್ಟು ಗಂಟೆ ಬರುತ್ತದೆ ಅಂತ ಹೇಳದಿದ್ದರೆ ಅದು ಅರ್ಧ ಮಾಹಿತಿ ಅಷ್ಟೇ.

ಇನ್ನು ಸಂಜೆಯ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಮಧ್ಯಾಹ್ನ ಸೋಲಾರ್ ಬೇಕಾದಷ್ಟಿರುತ್ತದೆ. ಸೂರ್ಯ ಇಳಿಯುತ್ತಲೇ ಅದು ಜಾರುತ್ತದೆ, ಅದೇ ಹೊತ್ತಿಗೆ ಮನೆಗಳಲ್ಲಿ ಬಳಕೆ ಏರುತ್ತದೆ. ಬಳಕೆಯಲ್ಲಿ ಸೋಲಾರ್ ಕೊಟ್ಟದ್ದನ್ನು ಕಳೆದು ಉಳಿದದ್ದನ್ನು ಗಂಟೆಗಂಟೆಗೆ ಗ್ರಾಫಿನಲ್ಲಿ ಎಳೆದರೆ ಬರುವ ಗೆರೆಯ ಆಕಾರ ನೋಡಿ ಅದಕ್ಕೆ ‘ಬಾತುಕೋಳಿ ಗೆರೆ’ ಅಂತ ಹೆಸರಿಟ್ಟಿದ್ದಾರೆ. ಮಧ್ಯಾಹ್ನ ತುಂಬಿಕೊಂಡು ನಾಲ್ಕು ಗಂಟೆ ಕೊಡುವ ಲಿಥಿಯಂ ಬ್ಯಾಟರಿಗೆ ಇದು ಹೇಳಿ ಮಾಡಿಸಿದ ಕೆಲಸ. ದಿನಾ ತುಂಬಿ ದಿನಾ ಖಾಲಿಯಾಗುವುದರಿಂದ ಹಾಕಿದ ದುಡ್ಡೂ ದುಡಿಯುತ್ತದೆ.

ಇದಕ್ಕಿಂತ ಹಳೆಯ ದಾರಿ ನೀರಿನದು. ಕರೆಂಟ್ ಹೆಚ್ಚಿದ್ದಾಗ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಪಂಪ್ ಮಾಡಿ, ಬೇಕಾದಾಗ ಟರ್ಬೈನ್ ಮೂಲಕ ಬಿಡುವುದು. ಅಮೆರಿಕದ ವರ್ಜೀನಿಯಾದ ಬಾತ್ ಕೌಂಟಿಯಲ್ಲಿ 1985ರಿಂದ ಹೀಗೆ ಸುಮಾರು 3,000 ಮೆಗಾವ್ಯಾಟ್ ಕೊಡುವ ಸ್ಥಾವರವಿದೆ. ನೂರು ಯೂನಿಟ್ ಹಾಕಿದರೆ ಎಪ್ಪತ್ತರಿಂದ ಎಂಬತ್ತು ವಾಪಸ್ ಸಿಗುತ್ತದೆ. ಆದರೆ ಎರಡು ಜಲಾಶಯ, ನಡುವೆ ಒಳ್ಳೆಯ ಎತ್ತರ ಎಲ್ಲಾ ಕಡೆ ಸಿಗಬೇಕಲ್ಲ.

ನಿಜವಾಗಿ ಕಷ್ಟ ಕೊಡುವುದು ವಾರಗಟ್ಟಲೆಯ ಕೊರತೆ. ಚಳಿಗಾಲದಲ್ಲಿ ಮೋಡ ಕವಿದು ಗಾಳಿಯೂ ಸತ್ತುಹೋದರೆ? ಅಂಥ ದಿನಗಳಿಗೆ ಜರ್ಮನ್ನರಲ್ಲಿ ಒಂದು ಪದವೇ ಇದೆ, ‘ಡುಂಕೆಲ್‌ಫ್ಲೌಟೆ’. ವರ್ಷಕ್ಕೆ ಒಂದೆರಡು ಸಲ ಮಾತ್ರ ಕೆಲಸಕ್ಕೆ ಬರುವ ಬ್ಯಾಟರಿಗೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ಹೈಡ್ರೋಜನ್ ಮಾಡಿ ತಿಂಗಳುಗಟ್ಟಲೆ ಇಡಬಹುದು, ಆದರೆ ಮತ್ತೆ ಕರೆಂಟ್ ಆಗುವಷ್ಟರಲ್ಲಿ ಹಾಕಿದ ಕರೆಂಟಿನ ಅರ್ಧಕ್ಕಿಂತ ಹೆಚ್ಚು ನಷ್ಟವಾಗಿರುತ್ತದೆ. ಹಾಗಾಗಿ ಇಲ್ಲಿ ನಾನು ಮೊದಲು ದುಡ್ಡು ಹಾಕುವುದು ದೂರದ ಊರುಗಳನ್ನು ಜೋಡಿಸುವ ಲೈನುಗಳ ಮೇಲೆ. ಒಂದು ಕಡೆ ಗಾಳಿ ನಿಂತಾಗ ಸಾವಿರ ಕಿಲೋಮೀಟರ್ ಆಚೆ ಬೀಸುತ್ತಿರುವ ಸಾಧ್ಯತೆ ಇರುತ್ತದೆ.