ಎಂ1ನಲ್ಲಿ ಹೆಪ್ಪು ಕೂತರೆ ವಿಲ್ಲಿಸ್ ವೃತ್ತ ಯಾಕೆ ಕೈಹಿಡಿಯಲ್ಲ?

ಹಾಸನದಲ್ಲಿ ಇಮೇಜಿಂಗ್ ಟೆಕ್ನಾಲಜಿ ಓದುತ್ತಿರುವ ನನಗೆ ಈ ವಾರವೆಲ್ಲ ತಲೆಯಲ್ಲಿ ಕೂತಿದ್ದು ಇದೊಂದೇ ಪ್ರಶ್ನೆ. ಮೆದುಳಿನ ಬುಡದಲ್ಲಿ ವಿಲ್ಲಿಸ್ ವೃತ್ತ ಅನ್ನೋ ರಕ್ತನಾಳಗಳ ಉಂಗುರವಿದೆ, ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆಯಿಂದ ರಕ್ತ ಬರುತ್ತೆ ಅಂತ ಓದಿದ್ದೆವಲ್ಲ? ಹಾಗಿದ್ದೂ ಮೆದುಳಿನ ದೊಡ್ಡ ನಾಳವೊಂದರ ಮೊದಲ ತುಂಡಾದ ಎಂ1ನಲ್ಲಿ ಕೂತ ಒಂದು ರಕ್ತದ ಹೆಪ್ಪಿಗೆ ಅರ್ಧ ಮೈಗೇ ಲಕ್ವ ಹೊಡೆಯೋದು ಹೇಗೆ?

ಮೊದಲು ದಾರಿ. ಹೃದಯದಿಂದ ಹೊರಡೋ ಮಹಾಧಮನಿ ಅಯೋರ್ಟಾದಿಂದ ತಲೆಗೆ ರಕ್ತ ಒಯ್ಯೋ ಕೆರೋಟಿಡ್, ಅದು ಕುತ್ತಿಗೆಯಲ್ಲಿ ಎರಡಾಗುತ್ತೆ. ಕುತ್ತಿಗೆಯಲ್ಲೇ ಕವಲೊಡೆಯೋದು ಎಕ್ಸ್‌ಟರ್ನಲ್. ಒಂದೂ ಕವಲಿಲ್ಲದೆ ತಲೆಬುರುಡೆಗೆ ಹತ್ತೋದು ಇಂಟರ್ನಲ್. ರಕ್ತನಾಳಗಳ ಚಿತ್ರವಾದ ಆಂಜಿಯೋಗ್ರಾಂನಲ್ಲಿ ಗುರುತಿಸೋಕೆ ಇಷ್ಟು ನೆನಪಿದ್ದರೆ ಸಾಕು. ಇಂಟರ್ನಲ್‌ನ ತುದಿಯಲ್ಲಿ ಮೆದುಳಿನ ಮುಂದಿನ ಧಮನಿ ಎಸಿಎ, ನಡುವಿನ ಧಮನಿ ಎಂಸಿಎ. ಎಂಸಿಎಯ ಅಡ್ಡಲಾದ ಮೊದಲ ತುಂಡೇ ಎಂ1.

ನಾನು ಎಡವಿದ್ದು ಇಲ್ಲಿ. ಉಂಗುರ ಇರೋದು ಎಂ1ಗಿಂತ ಹಿಂದೆ! ಗೊರೂರಿನ ಹೇಮಾವತಿ ನಾಲೆ ನೆನೆಸಿಕೊಳ್ಳಿ. ಕುತ್ತಿಗೆಯ ಇಂಟರ್ನಲ್ ಕೆರೋಟಿಡ್ ಕಟ್ಟಿದರೆ, ಜಲಾಶಯಕ್ಕೆ ಬರೋ ಒಂದು ಹೊಳೆ ಬತ್ತಿದ ಹಾಗೆ. ಉಳಿದ ಹೊಳೆಗಳು, ಅಂದರೆ ಎದುರು ಕೆರೋಟಿಡ್ ಮತ್ತು ಹಿಂದಿನಿಂದ ಬರೋ ಬೇಸಿಲಾರ್ ಧಮನಿ, ಉಂಗುರದ ಮೂಲಕ ತುಂಬಿಕೊಡಬಹುದು. ಹೆಪ್ಪು ಎಂ1ನಲ್ಲೇ ಇದ್ದರೆ ಮಣ್ಣು ಕುಸಿದಿರೋದು ನಾಲೆಯಲ್ಲಿ. ಜಲಾಶಯ ತುಂಬಿದ್ದರೂ ಗದ್ದೆಗೆ ನೀರಿಲ್ಲ.

ಆಗ ಯಾರು ಕಾಯೋದು? ಮೆದುಳಿನ ಮೇಲ್ಮೈಯಲ್ಲಿ ಎಸಿಎ ಮತ್ತು ಮೆದುಳಿನ ಹಿಂದಿನ ಧಮನಿ ಪಿಸಿಎಗಳ ತುದಿಗಳು ಎಂಸಿಎಯ ತುದಿಗಳನ್ನು ಸೇರುತ್ತವೆ. ಪಕ್ಕದ ಗದ್ದೆಯ ನೀರು ಬದುವಿನಿಂದ ಬಸಿದು ಬರೋ ಹಾಗೆ, ತುದಿಯಿಂದ ಹಿಮ್ಮುಖವಾಗಿ ಒಂದಿಷ್ಟು ರಕ್ತ ಬರುತ್ತೆ. ಇವೇ ಕೊಲ್ಯಾಟರಲ್‌ಗಳು. ಅವುಗಳ ಆಸರೆಯಲ್ಲಿ ಬಾಡಿದ್ದರೂ ಒಣಗದ ಪೈರಿನಂಥ ಭಾಗವೇ ಪೆನಂಬ್ರಾ. ಚಿಕಿತ್ಸೆಯೆಲ್ಲ ಇದನ್ನು ಉಳಿಸೋಕೆ.

ಆದರೆ ಎಂ1ನಿಂದಲೇ ನೆಟ್ಟಗೆ ಒಳಕ್ಕೆ ಹೋಗೋ ಸಣ್ಣ ನಾಳಗಳಿವೆ, ಲೆಂಟಿಕ್ಯುಲೋಸ್ಟ್ರಯೇಟ್. ಇವು ಒಂದೊಂದು ಗದ್ದೆಗೆ ಒಂದೊಂದೇ ತೂಬು ಇದ್ದಂತೆ, ಬದುವಿನ ಬಸಿ ಇಲ್ಲ. ಹೆಪ್ಪು ಎಂ1ನ ಬುಡದಲ್ಲಿದ್ದರೆ ತೂಬುಗಳ ಬಾಯೇ ಮುಚ್ಚುತ್ತೆ. ತೂಬುಗಳನ್ನು ದಾಟಿ ಮುಂದೆ ಕೂತಿದ್ದರೆ ಒಳಭಾಗ ಉಳಿಯುತ್ತೆ. ಅದಕ್ಕೇ ಸಿಟಿ ಆಂಜಿಯೋದಲ್ಲಿ ‘ಎಂ1 ಬ್ಲಾಕ್’ ಅಂತಷ್ಟೇ ಬರೆದು ಬಿಡಬೇಡಿ, ಬುಡವೋ ತುದಿಯೋ ನೋಡಿ.

ಚಿಕಿತ್ಸೆ: ಸಿಟಿಯಲ್ಲಿ ರಕ್ತಸ್ರಾವ ಇಲ್ಲ ಅಂತ ಖಚಿತವಾದ ಮೇಲೆ, ಲಕ್ಷಣ ಶುರುವಾದ 4.5 ಗಂಟೆಯೊಳಗೆ ಬಂದ ಅರ್ಹ ರೋಗಿಗೆ ಹೆಪ್ಪು ಕರಗಿಸೋ ಔಷಧ. ಆಲ್ಟೆಪ್ಲೇಸ್ ಆದರೆ ಕೆ.ಜಿ.ಗೆ 0.9 ಮಿ.ಗ್ರಾಂ, ಗರಿಷ್ಠ 90. ದೊಡ್ಡ ನಾಳದ ಹೆಪ್ಪು ಇದರಿಂದ ಕರಗದೆ ಉಳಿಯೋದೇ ಹೆಚ್ಚು. ಅದಕ್ಕೆ ಥ್ರಾಂಬೆಕ್ಟಮಿ, ಅಂದರೆ ಹೆಪ್ಪನ್ನೇ ಹೊರಗೆಳೆಯೋದು. ತೊಡೆಸಂದಿನ ಧಮನಿಯಿಂದ ರಕ್ತದ ಹರಿವಿಗೆ ಎದುರಾಗಿ ಕ್ಯಾಥೆಟರ್ ಅನ್ನೋ ತೆಳು ಕೊಳವೆ ಅಯೋರ್ಟಾ ಹತ್ತಿ ಕೆರೋಟಿಡ್ ಸೇರುತ್ತೆ. ಒಳಗಿನ ಸಣ್ಣ ಕ್ಯಾಥೆಟರ್ ಹೆಪ್ಪನ್ನು ದಾಟಿದ ಮೇಲೆ ಸ್ಟೆಂಟ್ ರಿಟ್ರೀವರ್ ಅನ್ನೋ ತಂತಿಯ ಬಲೆ ಬಿಚ್ಚಿಕೊಳ್ಳುತ್ತೆ. ಹೆಪ್ಪು ಅದರ ಬಲೆಗೆ ಸಿಕ್ಕ ಮೇಲೆ ಹೀರುತ್ತಾ ಎಳೆಯೋದು. ಬರೀ ಹೀರಿ ತೆಗೆಯೋ ವಿಧಾನವೂ ಇದೆ.

ಇದರ ಲಾಭ ಗಟ್ಟಿಯಾಗಿ ರುಜುವಾತಾಗಿದ್ದು 2015ರಲ್ಲಿ, ನೆದರ್ಲೆಂಡ್ಸ್‌ನ ಎಂಆರ್ ಕ್ಲೀನ್ ಮತ್ತು ಅದರ ಬೆನ್ನಿಗೆ ಬಂದ ಅಧ್ಯಯನಗಳಿಂದ. 2018ರ ಡಾನ್ ಅಧ್ಯಯನ, ಆಯ್ದ ರೋಗಿಗಳಲ್ಲಿ 6ರಿಂದ 24 ಗಂಟೆಯವರೆಗೂ ಲಾಭವಿದೆ ಅಂತ ತೋರಿಸಿತು. ಎಂ1 ಕಟ್ಟಿಯೂ 20ನೇ ಗಂಟೆಯಲ್ಲಿ ಉಳಿಸೋಕೆ ಏನಾದರೂ ಇರೋದು ಹೇಗೆ ಅನ್ನೋದು ಕೊಲ್ಯಾಟರಲ್ ತಿಳಿದ ಮೇಲೇ ನನಗೆ ಅರ್ಥವಾಯಿತು. ಬದುವಿನ ಬಸಿ ಕೆಲವರಲ್ಲಿ ಚೆನ್ನಾಗಿರುತ್ತೆ, ಕೆಲವರಲ್ಲಿ ಇಲ್ಲವೇ ಇಲ್ಲ. ಅಂಥವರಿಗೆ ಎರಡು ಗಂಟೆಯೂ ತಡವೇ. ರೋಗಿಯನ್ನು ಇಲ್ಲಿಂದ ಬೆಂಗಳೂರಿಗೆ ಕಳಿಸೋದಾದರೆ ಸುಮಾರು 180 ಕಿ.ಮೀ. ದಾರಿಯೇ ಇದೆ. ಹಾಗಾಗಿ ಕೈಕಾಲು ಸೋತು ಮಾತು ತೊದಲಿದ ಕೂಡಲೇ 108ಕ್ಕೆ ಫೋನ್ ಮಾಡಿ ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

ಕೊನೆಗೆ ಟಿಕಿ ಅಂಕ, ಅಂದರೆ ಚಿಕಿತ್ಸೆಯ ನಂತರ ರಕ್ತ ಎಷ್ಟು ಮರಳಿದೆ ಅನ್ನೋದರ ಅಳತೆ. 2ಬಿ ಅಂದರೆ ಅರ್ಧಕ್ಕಿಂತ ಹೆಚ್ಚು ಪ್ರದೇಶಕ್ಕೆ ರಕ್ತ ಮರಳಿದೆ, 3 ಅಂದರೆ ಪೂರ್ತಿ. ಆದರೆ ಎಡ ಎಂ1ನ ಬುಡದ ಹೆಪ್ಪು ಪೂರ್ತಿ ಹೊರಬಂದು ಅಂಕ 3 ಸಿಕ್ಕರೂ, ಮಾರನೇ ದಿನದ ಸಿಟಿಯಲ್ಲಿ ಒಳಭಾಗ ಸತ್ತು ಕಪ್ಪಾಗಿ ಕಾಣಬಹುದು. ಬದುವಿನ ಬಸಿಯಿಂದ ಹೊರಪದರ ಉಳಿದು ಮಾತು ಮರಳಿದ ರೋಗಿಗೆ, ತೂಬು ಮುಚ್ಚಿ ಒಣಗಿದ ಆ ಜಾಗದಿಂದಾಗಿ ಬಲಗೈ ಮಾತ್ರ ಏಳದೇ ಇರೋದು ಹೀಗೆ.