ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲ ಏನು ಬೆಳೆದಿದೆ?

ಕೋವಿಡ್ ಪರಿಹಾರದ ಮಾತು ಮುಗಿದು ವರ್ಷಗಳಾದರೂ ‘ನನಗೇಕೆ ಬರಲಿಲ್ಲ’ ಎಂದು ಕೇಳುವ ರೈತರು ಇಂದಿಗೂ ಸಿಗುತ್ತಾರೆ. ಕೈಯಲ್ಲಿ ಅದೇ ಕಡತ: ಪಹಣಿ, ಆಧಾರ್ ಜೆರಾಕ್ಸ್, ಪಾಸ್‌ಬುಕ್. ಎಲ್ಲವೂ ಸರಿಯಾಗಿಯೇ ಇರುತ್ತವೆ. ಯಾವ ಹೊಲದಲ್ಲಿ ಯಾವ ಬೆಳೆಯಿದೆ ಎಂದು ಸರ್ಕಾರ ಫೋಟೊ ಸಮೇತ ದಾಖಲಿಸಿಕೊಳ್ಳುವುದೇ ಬೆಳೆ ಸಮೀಕ್ಷೆ. ಆ ಹಂಗಾಮಿನ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿತ್ತು ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ.

2020ರ ಮೇ 6ರಂದು ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಘೋಷಿಸಿತು, ಅದೂ ಗರಿಷ್ಠ ಒಂದು ಹೆಕ್ಟೇರಿಗೆ. ಕೆಲವು ದಿನಗಳ ನಂತರ ಮೆಕ್ಕೆಜೋಳದವರಿಗೆ ತಲಾ 5,000. ಮರುವರ್ಷ ಹೂವಿಗೆ ಹೆಕ್ಟೇರಿಗೆ 10,000. ಟಿ.ವಿ.ಯಲ್ಲಿ ‘ಇಪ್ಪತ್ತೈದು ಸಾವಿರ’ ಎಂದು ಕೇಳಿದವರು ಅರ್ಧ ಎಕರೆಗೂ ಅಷ್ಟೇ ಬರುತ್ತದೆ ಎಂದುಕೊಂಡರು. ಹೆಕ್ಟೇರೆಂದರೆ ಹೆಚ್ಚುಕಡಿಮೆ ಎರಡೂವರೆ ಎಕರೆ. ಅರ್ಧ ಎಕರೆಗೆ ಬರುವುದು ಸುಮಾರು ಐದು ಸಾವಿರ. ಇದನ್ನು ಒಮ್ಮೆ ಹೇಳಿದರೆ ಅರ್ಥವಾಗುತ್ತದೆ.

ಅರ್ಥವಾಗದೆ ಉಳಿಯುವುದು ಸಮೀಕ್ಷೆಯ ವಿಷಯ. ಫಲಾನುಭವಿಗಳ ಪಟ್ಟಿ ಸಿದ್ಧವಾಗುವುದು ತಿಂಗಳುಗಳ ಹಿಂದೆಯೇ ದಾಖಲಾದ ಬೆಳೆಯಿಂದ. ಪಹಣಿ ಜಮೀನು ನಿಮ್ಮದೆಂದು ಹೇಳುತ್ತದೆ, ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ನೀವು ಯಾರೆಂದು ಹೇಳುತ್ತದೆ. ಅಲ್ಲಿ ಹೂವಿತ್ತೆಂದು ಹೇಳಬೇಕಾದುದು ಸಮೀಕ್ಷೆ.

ನಮ್ಮ ಕಡೆಯ ಸೇವಂತಿಗೆ ಬೆಳೆಗಾರರೊಬ್ಬರು ಆ ಏಪ್ರಿಲ್‌ನಲ್ಲಿ ಅರಳಿದ ತೋಟಕ್ಕೆ ರೋಟವೇಟರ್ ಹೊಡೆಸಿದರು. ದೇವಸ್ಥಾನಗಳು ಮುಚ್ಚಿದ್ದವು, ಮದುವೆಗಳು ನಿಂತಿದ್ದವು, ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಅರ್ಜಿ ಬರೆದುಕೊಟ್ಟರು. ಪರಿಶೀಲನೆಗೆ ಹೋದಾಗ ಅಲ್ಲಿದ್ದುದು ಉತ್ತ ಮಣ್ಣು. ದಾಖಲೆ ತೆಗೆದು ನೋಡಿದರೆ ಇಡೀ ಸರ್ವೆ ನಂಬರಿಗೆ ರಾಗಿ! ಸಮೀಕ್ಷೆಗೆ ಬಂದ ಹುಡುಗ ರಸ್ತೆ ಬದಿಯ ರಾಗಿಯ ಫೋಟೊ ತೆಗೆದು ಹೊರಟುಹೋಗಿದ್ದ. ಹಿಂಬದಿಯ ಇಪ್ಪತ್ತು ಗುಂಟೆ ಸೇವಂತಿಗೆ ಅವನ ಕಣ್ಣಿಗೆ ಬಿದ್ದಿರಲಿಲ್ಲ. ‘ಸಾರ್, ಊರಿಗೆಲ್ಲ ಗೊತ್ತು, ನಾನು ಹೂವು ಹಾಕಿದ್ದೆ’ ಎಂದರು. ಗೊತ್ತಿತ್ತು, ಯಜಮಾನರೇ, ನನಗೂ ಗೊತ್ತಿತ್ತು. ಅವರ ಸೇವಂತಿಗೆಯ ಹೊರೆ ಮಾರುಕಟ್ಟೆಗೆ ಬಂದರೆ ದಲ್ಲಾಳಿಗಳು ಎದ್ದು ಬರುತ್ತಿದ್ದರು. ಅಂಥ ಬೆಳೆಗಾರ ಕಾಗದದಲ್ಲಿ ರಾಗಿಯವನಾದದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಹಾಗಾಗಿ ಸ್ವಲ್ಪ ಗಡುಸಾಗಿಯೇ ಹೇಳುತ್ತೇನೆ. ಪರಿಹಾರ ಘೋಷಣೆಯಾದ ಮೇಲೆ ಕಚೇರಿಗೆ ಓಡಿ ಬರುವ ಉತ್ಸಾಹದ ಕಾಲುಭಾಗವನ್ನಾದರೂ ಸಮೀಕ್ಷೆ ನಡೆಯುವಾಗ ತೋರಿಸಿ. ಮಾವಿನ ಸಾಲಿನ ನಡುವೆ ಚೆಂಡುಹೂ ಹಾಕಿದ್ದರೆ ಅದನ್ನೂ ಬರೆಸಿ. ಸರ್ವೆ ನಂಬರಿನ ಜೊತೆ ಅದರೊಳಗಿನ ನಿಮ್ಮ ಪಾಲಿನ ಹಿಸ್ಸಾ ನಂಬರನ್ನೂ ನೋಡಿಕೊಳ್ಳಿ. ತಂದೆ ತೀರಿಕೊಂಡು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗದಿದ್ದರೆ ಅದು ಬೇರೆಯೇ ತಾಪತ್ರಯ, ಮೊದಲು ಅದನ್ನು ಮುಗಿಸಿ. ಪ್ರತಿ ಯೋಜನೆಯ ಷರತ್ತು ಬೇರೆಯಿರುವುದರಿಂದ ದಾಖಲೆ ಸರಿಯಿದ್ದ ಮಾತ್ರಕ್ಕೆ ಹಣ ಖಚಿತವೆಂದು ನಾನು ಹೇಳಲಾರೆ. ಆಯಾ ಸರ್ಕಾರಿ ಆದೇಶವನ್ನೇ ನೋಡಬೇಕು.

2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯನ್ನು ಆ್ಯಪ್‌ನಲ್ಲಿ ದಾಖಲಿಸುವ ಅವಕಾಶ ಬಂದಿದೆ. ದಾಖಲಾದದ್ದನ್ನು ‘ಬೆಳೆ ದರ್ಶಕ’ ಎಂಬ ಇನ್ನೊಂದು ಆ್ಯಪ್‌ನಲ್ಲಿ ನೋಡಬಹುದು, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಮೊಬೈಲ್ ಕಷ್ಟವೆನಿಸಿದರೆ ಮಗಳನ್ನೋ ಮೊಮ್ಮಗನನ್ನೋ ಹೊಲಕ್ಕೇ ಕರೆದುಕೊಂಡು ಹೋಗಿ, ಬೆಳೆಯ ನಡುವೆ ನಿಂತು ಫೋಟೊ ತೆಗೆಸಿ.